ನಲವತ್ತೊಂದನೇ ನಂಬರಿನ ಖಾಲಿ ಜಾಗ

ಆ ಹಸು ನಾಲ್ಕು ದಿನ ನರಳಿ ಸತ್ತಿತು. ನಾನು ನೋಡಿದ್ದು ಎರಡನೆಯ ದಿನ. ಲೊಕ್ಕನಹಳ್ಳಿ ದಾಟಿ ಕಾಡಿನ ಕಡೆಗೆ ಹೋದರೆ ಸಿಗುವ ಒಂದು ಊರು. ಹೆಸರು ಬೇಡ, ಊರಿನವರಿಗೆ ಆಗಿರುವುದೇ ಸಾಕು. ಆನೆ ಕಂದಕದ ಅಂಚಿನಲ್ಲಿ ಮೇಯುತ್ತಿದ್ದಾಗ, ಯಾರೋ ಹಂದಿಗೆಂದು ಇಟ್ಟಿದ್ದ ಸಿಡಿಮದ್ದಿನ ಉಂಡೆಗೆ ಬಾಯಿ ಹಾಕಿತ್ತು. ಕೆಳದವಡೆಯೇ ಇರಲಿಲ್ಲ. ಕಣ್ಣು ಮಾತ್ರ ಮೊದಲಿನಂತೆ ಇತ್ತು, ಎದುರಿಗಿದ್ದ ಹುಲ್ಲಿನ ಕಟ್ಟನ್ನೇ ನೋಡುತ್ತಿತ್ತು. ಒಡತಿ ಪಕ್ಕದಲ್ಲಿ ಕೂತು ಒದ್ದೆ ಟವಲ್ಲಿನಿಂದ ನೊಣ ಓಡಿಸುತ್ತಿದ್ದಳು.

"ನೀರು ಕುಡಿಯಕ್ಕೂ ಆಯ್ತಿಲ್ಲ ಕಣಕ್ಕ," ಅಂದಳು.

ಬ್ಯಾಗಿನಿಂದ ಕಾಗದ, ಪೆನ್ನು ತೆಗೆದೆ. ಏನೂ ತೋಚದಿದ್ದಾಗ ನಾನು ಮಾಡುವುದು ಅದೊಂದೇ.

ನಾನು ಕೊಳ್ಳೇಗಾಲದ ಒಂದು ಸಣ್ಣ ಕಾನೂನು ನೆರವಿನ ಸಂಸ್ಥೆಯಲ್ಲಿ ಅರ್ಜಿ, ಮನವಿ ಬರೆಯುವವಳು. ಹುಟ್ಟಿದ್ದು ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ. ಮಗ್ಗದ ಹಾಸಿನಲ್ಲಿ ಒಂದು ಎಳೆ ತಪ್ಪಿದರೂ ಕಣ್ಣಿಗೆ ಬೀಳಬೇಕು ಎಂದು ಅಪ್ಪ ಕಲಿಸಿದ್ದರು, ಆ ಚಾಳಿ ಕಾಗದದಲ್ಲೂ ಉಳಿದುಕೊಂಡಿತು. ನನ್ನ ಮನವಿಗಳಲ್ಲಿ ಅಂಚು ಬಿಟ್ಟಿರುತ್ತೆ, ಸಾಲು ನೇರ, ಶಾಯಿ ಕಲೆ ಇಲ್ಲ. ಅದರ ಮೇಲೆ ನನಗೆ ಜಂಭವೂ ಇತ್ತು. ಮುಂದೆ ಆದದ್ದೆಲ್ಲ ಆ ಜಂಭದಿಂದಲೇ ಆದದ್ದು.

ಹಸು ಸತ್ತ ವಾರದಲ್ಲೇ ನಾಲ್ಕು ಸಂಘಟನೆಯವರನ್ನು ಒಂದು ಕಡೆ ಕೂರಿಸಿದೆ. ಆ ಊರಿನ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ಹನೂರಿನ ರೈತ ಮುಖಂಡ. ಯಳಂದೂರು ಕಡೆಯ ಬೆಟ್ಟದ ಪೋಡಿನಿಂದ, ಎಂದರೆ ಕಾಡಿನ ಹಾಡಿಯಿಂದ, ಸೋಲಿಗರ ಸಂಘದ ತಾತ. ಕಾಡುಪ್ರಾಣಿಗಳ ಪರವಾಗಿ ಕೆಲಸ ಮಾಡುವ ಕೊಳ್ಳೇಗಾಲದ ಒಬ್ಬ ಕಾಲೇಜು ಮೇಷ್ಟ್ರು. ನಾಲ್ವರೂ ಒಳ್ಳೆಯವರು. ಒಳ್ಳೆಯವರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಕೆಲಸ ಆಗುತ್ತದೆ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಮೊದಲ ಸಭೆಯ ಒಂದು ಗಂಟೆ, ಬ್ಯಾನರಿನಲ್ಲಿ ಯಾರ ಸಂಘದ ಹೆಸರು ಮೇಲಿರಬೇಕು ಎಂಬುದಕ್ಕೇ ಹೋಯಿತು. ಕೊನೆಗೆ ಬ್ಯಾನರೇ ಬೇಡ ಎಂದು ಕಾರ್ಯದರ್ಶಿ ಎದ್ದು ಟೀ ತರಲು ಹೋದಳು.

ಮೈಸೂರಿನ ಒಂದು ತರಬೇತಿಯಲ್ಲಿ ನಾನು 'ನಿಶ್ಶಸ್ತ್ರೀಕರಣ' ಎಂಬ ಪದ ಕೇಳಿ ಬಂದಿದ್ದೆ. ದೇಶ ದೇಶಗಳು ಬಾಂಬು ಕೆಳಗಿಡುವಂತೆ ಜನರ ಸಂಘಟನೆಗಳು ಸೇರಿ ಹೇಗೆ ಒತ್ತಾಯಿಸಬಹುದು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಅದನ್ನೇ ಇಲ್ಲಿ ಬಿಚ್ಚಿದೆ.

"ಅದೇನ್ ಪದ ಅಕ್ಕಾ, ನಾಲ್ಗೆ ಮುರ್ದೋಯ್ತದೆ," ಎಂದು ರೈತ ಮುಖಂಡ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಅಂದಿ ಒಂದ್ ಸಲ ನುಗ್ಗುದ್ರೆ ಅರ್ಧ ಎಕರೆ ಜ್ವಾಳ ಮಲಗಿಸ್ಬುಡ್ತದೆ. ಮದ್ದು ಬ್ಯಾಡ ಅನ್ನಿ, ಆಯ್ತು. ಬೆಳೆ ಕಾಯಕ್ಕೆ ಕೋವಿ ಲೈಸೆನ್ಸ್ ಕೊಡ್ಸಿ. ಬರೀ ಕೈಲಿ ಅಂದಿ ಓಡ್ಸಕ್ಕಾದದಾ?"

"ಮೊದಲು ಕೇಸ್ ಆಗಬೇಕು," ಅಂದರು ಮೇಷ್ಟ್ರು. "ಒಬ್ಬ ಒಳಗೆ ಹೋದರೆ ಮಿಕ್ಕವರು ತಾವಾಗಿ ನಿಲ್ಲಿಸುತ್ತಾರೆ."

ಸೋಲಿಗ ತಾತ ಗೋಡೆಗೆ ಒರಗಿ ಕೂತಿದ್ದರು. "ಕಾಡಂಚಲ್ಲಿ ಡಬ್ ಅಂದ್ರೆ ಸಾಕು, ಮೊದ್ಲು ಜೀಪ್ ಬರದು ನಮ್ ಪೋಡಿಗೆ. ಮದ್ದು ಯಾರ್ದೋ, ಒಳಿಕ್ ಓಗದು ನಮ್ ಐಕ್ಳು ಮಕ್ಳು. ಕೇಸು ಅನ್ನದಾದ್ರೆ ನಾನ್ ಓಯ್ತೀನಿ."

"ನಿಮ್ ಕೋವಿ, ನಿಮ್ ಕೇಸು ಎಲ್ಲ ಆಮೇಲೆ ಇರ್ಲಿ," ಎಂದು ಕಾರ್ಯದರ್ಶಿ ಟೀ ಲೋಟಗಳನ್ನು ಕುಕ್ಕಿದಳು. "ನಾಳೆ ಬೆಳಿಗ್ಗೆ ದನ ಆಚೆಗೆ ಬುಡ್ಬೇಕು ನಾವು. ಅದುಕ್ಕೇನ್ ಮಾಡೀರಿ, ಅದ ಯೋಳಿ."

ಹೀಗೆ ಕೊಳ್ಳೇಗಾಲ, ಹನೂರು, ಯಳಂದೂರು ಎಂದು ಮೂರು ಸಭೆ ಮುಗಿದವು. ನಾಲ್ವರೂ ಒಪ್ಪುವ ಮಾತು ಒಂದೇ ಉಳಿಯಿತು: ಸಿಡಿಮದ್ದು ಇಡುವುದಿಲ್ಲ, ಇಡಲು ಬಿಡುವುದಿಲ್ಲ. ಬದಲಿಗೆ ಕುಸಿದ ಕಂದಕವನ್ನು ಸರಿಮಾಡಿಸಿ, ಬೆಳೆ ಪರಿಹಾರ ಬೇಗ ಕೊಡಿ. ಅಷ್ಟನ್ನೇ ಬರೆದು ಊರಿನವರೇ ಸಹಿ ಹಾಕಿ ಕೊಡುವುದು ಎಂದಾಯಿತು. ನನಗೆ ದೊಡ್ಡ ಕೋಟೆ ಗೆದ್ದ ಹಾಗಾಯಿತು.

ಸಹಿ ಎಲ್ಲಿ ತೆಗೆದುಕೊಳ್ಳುವುದು? ಊರೆಲ್ಲ ಬೆಳಿಗ್ಗೆ ಒಂದು ಕಡೆ ಸೇರುವುದು ಹಾಲಿನ ಡೈರಿಯಲ್ಲಿ. ಅಲ್ಲಿ ಹೆಸರಿಗಿಂತ ನಂಬರೇ ಮುಂದು. "ಹನ್ನೆರಡು!" ಎಂದರೆ ಕ್ಯಾನು ಮುಂದೆ ಬರುತ್ತದೆ. ಸೊಸೆ ಹೆಸರು ಮರೆತರೂ ಸೊಸೆಯ ನಂಬರು ಮರೆಯುವುದಿಲ್ಲ. ಆದ್ದರಿಂದ ನಾನು ಡೈರಿ ರಿಜಿಸ್ಟರಿನ ಹಾಗೇ ಹಾಳೆಗೆ ಗೆರೆ ಎಳೆದು ಮೊದಲೇ ನಂಬರು ಬರೆದುಕೊಂಡು ಹೋದೆ. ಹಾಲು ಅಳೆಸಿ, ಸಹಿ ಹಾಕಿ, ಮನೆಗೆ ಹೋಗುವುದು. ಎರಡು ಬೆಳಿಗ್ಗೆಯಲ್ಲಿ ಕೆಲಸ ಮುಗಿಯಿತು. ಐದು ನಂಬರಿನವರು ಮಾತ್ರ ಬರಲಿಲ್ಲ. ಅವರ ಜಾಗ ಖಾಲಿ ಬಿಟ್ಟೆ. ಅದರಲ್ಲಿ ನಲವತ್ತೊಂದು ಹಸು ಕಳೆದುಕೊಂಡವಳದ್ದು. ಹಾಲಿಲ್ಲದವಳು ಡೈರಿಗೆ ಯಾಕೆ ಬಂದಾಳು, ಆಮೇಲೆ ಹಾಕಿಸಿದರಾಯಿತು ಅಂದುಕೊಂಡೆ. ಸೋಮವಾರವೇ ಕೊಡಬೇಕು ಎಂಬ ಗಡುವು ನನ್ನದೇ.

ಕೊಡುವ ಮುಂಚೆ ತಾತ ಆ ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿದ್ದರು. "ಈ ಕಾಲಿ ಜಾಗ ಯಾತುಕ್ಕವ್ವ?"

"ಅವರು ಆಮೇಲೆ ಹಾಕ್ತಾರೆ ತಾತ."

"ಓದಕ್ ಬರ್ದೇ ಇರೋ ನಂಗೇ ಕಾಣ್ತದೆ," ಅಂದರು. ನಾನು ಅವಸರದಲ್ಲಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಯಾವ ಕಚೇರಿಗೆ ಕೊಟ್ಟೆವು ಎಂದು ಬರೆಯುವುದಿಲ್ಲ. ಅಲ್ಲಿದ್ದವರು ತಮ್ಮ ಕೆಲಸ ತಾವು ಮಾಡಿದರು. ಸಿಡಿಮದ್ದು ಇಡುವುದಿಲ್ಲ ಎಂದು ಊರೆಲ್ಲ ಸಹಿ ಹಾಕಿ ಐದು ಮನೆ ಮಾತ್ರ ಹಾಕದಿದ್ದರೆ, ಇಡುವವರು ಯಾರು ಎಂದು ಯಾವ ದಡ್ಡನಿಗೂ ಹೊಳೆಯುತ್ತದೆ. ವಾರದೊಳಗೆ ಐದೂ ಮನೆಗೆ ವಿಚಾರಣೆಗೆ ಬನ್ನಿ ಎಂದು ನೋಟಿಸ್ ಹೋಯಿತು. ಒಬ್ಬರು ಆ ಎರಡು ದಿನ ನೆಂಟರ ಮದುವೆಗೆ ಹೋಗಿದ್ದವರು. ಇನ್ನೊಬ್ಬಳು ಬಾಣಂತಿ. ಅದನ್ನೆಲ್ಲ ಯಾರು ಕೇಳುತ್ತಾರೆ?

ನೋಟಿಸ್ ಬಂದ ಮೂರನೆಯ ಬೆಳಿಗ್ಗೆ ನಲವತ್ತೊಂದನೇ ನಂಬರಿನವಳು ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದಳು. ನಾನು ಕಚೇರಿಯ ಬೀಗ ತೆಗೆಯುತ್ತಿದ್ದೆ.

"ಅಕ್ಕಾ, ನನ್ ನಂಬರ್ರ ಕಾಲಿ ಬುಟ್ಟು ಕೊಟ್ಬುಟ್ರಲ್ಲ."

ಒಳಗೆ ಕೂರಿಸಿ ನೀರು ಕೊಟ್ಟೆ. ಲೋಟ ಹಿಡಿದುಕೊಂಡೇ ಹೇಳಿದಳು. ಹಸು ತಿಂದ ಉಂಡೆ ಅವಳ ಗಂಡನೇ ಇಟ್ಟದ್ದು. ಎಲ್ಲರ ಜೋಳಕ್ಕೂ ನುಗ್ಗಿದ ಹಂದಿ ಅವರ ಜೋಳಕ್ಕೂ ನುಗ್ಗಿತ್ತು. ಅವನು ಎಲ್ಲಿಂದಲೋ ತಂದು ಇಟ್ಟ. ಇಟ್ಟ ಜಾಗಕ್ಕೆ ತನ್ನ ಹಸುವೇ ಹೋಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ಹಸು ನರಳಿದ ನಾಲ್ಕು ದಿನವೂ ಅವನು ಕೊಟ್ಟಿಗೆ ಕಡೆ ಮುಖ ಹಾಕಿರಲಿಲ್ಲ. ಸತ್ತ ಮೇಲೆ ಹೆಂಡತಿಯ ಮುಂದೆ ಬಾಯಿಬಿಟ್ಟಿದ್ದ.

"ಇಡಕಿಲ್ಲ ಅಂತ ಬರ್ದಿದ್ರಿ ಅದ್ರಲ್ಲಿ. ಇಟ್ಟಿರೋ ಮನೆಯೋಳು ನಾನು ಎಂಗಕ್ಕ ಸೈನ್ ಹಾಕನಾ? ಅದುಕ್ಕೇ ಬರ್ನಿಲ್ಲ."

ಸುಳ್ಳು ಬರೆಯಲಾರದೆ ದೂರ ನಿಂತವಳು ನನ್ನ ಹಾಳೆಯಲ್ಲಿ ಕಳ್ಳಿಯಾಗಿದ್ದಳು. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಆದರೆ ಅವಳ ಮಾತು ಮುಗಿದಿರಲಿಲ್ಲ.

"ಇಟ್ಟಿದ್ದು ಎರಡು, ಅಕ್ಕ. ಒಂದು ನಮ್ ಅಸ ತಿಂತು. ಇನ್ನೊಂದು ಅಲ್ಲೇ ಅದೆ. ಎಲ್ಲಿ ಅಂತ ಅವ್ರಿಗೇ ಗೊತ್ತು. ತಗ್ಯಕ್ಕೆ ಎದ್ರಿಕೆ ಆಯ್ತದೆ ಅಂತಿದ್ರು. ನೋಟಿಸ್ ಬಂದಿದ್ದೇ ತಡ, ಗಡಿ ದಾಟಿ ತಾಳವಾಡಿ ಕಡೆ ನೆಂಟ್ರ ಮನೆಗೆ ಓದ್ರು. ಫೋನ್ ಎತ್ತಕಿಲ್ಲ. ಊರ್ ದನ ಎಲ್ಲ ಅಲ್ಲೇ ಮೇಯ್ತವೆ. ಐಕ್ಳು ಅಟ್ಕಂಡೋಯ್ತವೆ."

ಮದ್ದನ್ನು ಇಟ್ಟವನು ಅವನು ನಿಜ. ಆದರೆ ಅದರ ಜಾಗ ಗೊತ್ತಿದ್ದ ಒಬ್ಬನೇ ಒಬ್ಬನನ್ನು ಊರು ಬಿಡಿಸಿದವಳು ನಾನು.

ಅದೇ ಬೆಳಿಗ್ಗೆ ಆ ಕಚೇರಿಗೆ ಓಡಿದೆ. ಕೊಟ್ಟ ಅರ್ಜಿ ವಾಪಸ್ ಕೊಡಲು ಬರುವುದಿಲ್ಲ ಅಂದರು. ಅದು ನನಗೆ ಗೊತ್ತಿದ್ದದ್ದೇ. ಡೈರಿ ಕಾರ್ಯದರ್ಶಿಗೆ ಫೋನು ಮಾಡಿ, ಕಂದಕದ ಕಡೆ ಇನ್ನೂ ಮದ್ದು ಇರಬಹುದು, ದನ ಬಿಡಬೇಡಿ ಎಂದು ಊರಲ್ಲಿ ತಮಟೆ ಸಾರಿಸಲು ಹೇಳಿದೆ. "ಸಾರಿಸ್ತೀನಿ," ಅಂದಳು. "ಆದ್ರೆ ಅಳೇ ಮೇವು ಮುಗ್ದದೆ, ಒಸದು ಇನ್ನೂ ವಲದಲ್ಲೇ ಅದೆ. ಎರಡ್ ದಿನ ಕಟ್ಟಾಕ್ಕಂಡಾರು. ಮೂರ್ನೇ ದಿನ ಬುಟ್ಟೇ ಬುಡ್ತರೆ." ಅಂದರೆ ನಮಗಿದ್ದದ್ದು ಎರಡು ದಿನ.

ಮಧ್ಯಾಹ್ನ ಯಳಂದೂರಿನಲ್ಲಿ ನಾಲ್ವರನ್ನೂ ಸೇರಿಸಿದೆ. ಯಾರ ಹೆಸರನ್ನೂ ಹೇಳದೆ ವಿಷಯ ಇಟ್ಟೆ: ಒಂದು ಉಂಡೆ ಇನ್ನೂ ಅಲ್ಲಿದೆ. ಜಾಗ ಗೊತ್ತಿದ್ದವನು ನನ್ನ ಕಾಗದಕ್ಕೆ ಹೆದರಿ ಓಡಿದ್ದಾನೆ. ತಪ್ಪು ನನ್ನದು.

"ಹೆಸರು ಹೇಳಿ," ಎಂದು ಮೇಷ್ಟ್ರು ಮೇಜು ಬಡಿದರು. "ಪೊಲೀಸರು ಸಂಜೆಯೊಳಗೆ ಹಿಡಿದು ತರುತ್ತಾರೆ. ನೀವು ಒಬ್ಬನನ್ನು ಉಳಿಸಲು ಹೋಗಿ ಊರನ್ನೇ ಬಲಿಕೊಡುತ್ತೀರಾ?"

ಅವರ ಮಾತಿನಲ್ಲಿ ನ್ಯಾಯವಿತ್ತು.

"ಇಡ್ದು ತಂದ್ರೆ ಜಾಗ ತೋರ್ಸಾನಾ ಮೇಷ್ಟ್ರೇ?" ಎಂದು ಕೇಳಿದ್ದು ರೈತ ಮುಖಂಡ. ಅವನ ದನಿಯಲ್ಲಿ ಯಾವತ್ತಿನ ಜೋರು ಇರಲಿಲ್ಲ. "ತೋರ್ಸುದ್ರೆ ನಾನೇ ಇಟ್ಟೆ ಅಂತ ಒಪ್ಕಂಡಂಗೆ. ನಂಗೆ ಗೊತ್ತೇ ಇಲ್ಲ ಅಂತನೆ, ಅಷ್ಟೆ. ನಾನಾದ್ರೂ ಅಂಗೇ ಅನ್ನದು." ಮತ್ತೆ ಹೇಳಿದ, "ಇನ್ನ ನಾಕೂ ಮನೇಲೂ ಏನೂ ಇಲ್ಲ ಅಂತ ನಾನ್ ಪ್ರಮಾಣ ಮಾಡ್ನಾರೆ. ಸೈನ್ ಹಾಕ್ದೋರ್ ಮನೇದೂ ಅಷ್ಟೆ."

ಸಹಿ ಹಾಕಿದವರಲ್ಲೂ ಮದ್ದು ಇಟ್ಟವರಿದ್ದರು. ಎಲ್ಲರಿಗೂ ಗೊತ್ತಿದ್ದ ಸತ್ಯ ಅದು, ಮೂರು ಸಭೆಗಳಲ್ಲಿ ಯಾರೂ ಆಡಿರಲಿಲ್ಲ.

ಆಗ ತಾತ ಬಾಯಿಬಿಟ್ಟರು. "ಆವತ್ತು ಕಾಲಿ ಬುಟ್ಟಿದ್ದುಕ್ಕೆ ತಾನೇ ಸಿಕ್ಬಿದ್ರು? ಈಗ ಕಾಲಿ ಬುಡ್ಬ್ಯಾಡಿ. ಗುರ್ತು ಹಾಕದಾದ್ರೆ ಊರೋರೆಲ್ಲ ಹಾಕ್ಲಿ. ಮದ್ದು ಮಡ್ಗಿರೋನೂ ಹಾಕ್ಲಿ, ಮಡಗ್ದೆ ಇರೋನೂ ಹಾಕ್ಲಿ."

ಅದನ್ನು ಕೆಲಸವಾಗಿ ಮಾಡಿದವಳು ಕಾರ್ಯದರ್ಶಿ. ಕಂದಕದ ಪಕ್ಕದ ಪಟ್ಟಿ ಯಾರ ಹೊಲವೂ ಅಲ್ಲ, ಸರ್ಕಾರದ್ದು. ಮದ್ದು ಇಡುವವರು ಇಡುವುದೂ, ಉಳಿದದ್ದನ್ನು ಬೇಲಿ ಸಂದಿಯಲ್ಲಿ ಬಚ್ಚಿಡುವುದೂ ಅಲ್ಲೇ. ಮನೆಗೊಬ್ಬರು ಸುಣ್ಣದ ಪುಡಿ ತಂದು ಆ ಪಟ್ಟಿಯಲ್ಲಿ ನೆಲದ ಮೇಲೆ ಒಂದು ಬಿಳಿ ಸುತ್ತು ಬರೆಯಬೇಕು. ಮದ್ದು ಇಟ್ಟವರು ಅದರ ಸುತ್ತ, ಇಡದವರು ತೋಚಿದ ಕಡೆ. ಯಾವುದು ಯಾರದ್ದು ಎಂದು ಯಾರೂ ನೋಡಬಾರದು, ಸಿಕ್ಕಿದ್ದನ್ನು ನಾವು ಎಣಿಸಬಾರದು.

"ಪೊಲೀಸರಿಗೆ ಏನೆಂದು ಬರೆಯುವುದು?" ಅಂದರು ಮೇಷ್ಟ್ರು. ಅವರು ಅರ್ಧ ಒಪ್ಪಿದ್ದರು.

ಬರೆಯುವುದು ನನ್ನ ಕೆಲಸ. ಕಂದಕದ ಪಟ್ಟಿಯಲ್ಲಿ ವಾರಸುದಾರರಿಲ್ಲದ ಸ್ಫೋಟಕ ಇರುವ ಮಾಹಿತಿ ನಮಗೆ ಇದೆ, ನಿಷ್ಕ್ರಿಯಗೊಳಿಸಿ ಎಂದು ಒಂದೇ ಪುಟ ಬರೆದೆ. ಕೆಳಗೆ ಊರಿನವರ ಸಹಿ ಒಂದೂ ಇಲ್ಲ. ಮಾಹಿತಿ ಕೊಟ್ಟವರು ಎಂದು ನಾಲ್ವರ ಹೆಸರು, ಬರೆದವಳು ಎಂದು ನನ್ನದು. ಯಾರು ಹೇಳಿದರು ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ನಾವೇ. ಅದನ್ನು ಬಿಡಿಸಿ ಹೇಳಿದೆ. ತಾತ ಮೊದಲು ಹೆಬ್ಬೆಟ್ಟು ಚಾಚಿದರು, ಜೀಪಿಗೆ ಹೆದರಬೇಕಾದ ಕಾರಣ ನಮ್ಮೆಲ್ಲರಿಗಿಂತ ಹೆಚ್ಚು ಇದ್ದವರು. ಆಮೇಲೆ ಕಾರ್ಯದರ್ಶಿ. ರೈತ ಮುಖಂಡ ಕೋವಿಯ ಮಾತು ಎತ್ತದೆ ಸಹಿ ಹಾಕಿದ. ಕೊನೆಗೆ ಮೇಷ್ಟ್ರು ಕೇಸಿನ ಮಾತು ಬಿಟ್ಟು ಪೆನ್ನು ತೆಗೆದರು. ಈ ನಾಲ್ವರೂ ಒಟ್ಟಾಗಿದ್ದಾರೆ ಎಂದು ನನಗೆ ಆವತ್ತು ಮೊದಲ ಸಲ ಅನ್ನಿಸಿತು.

ಅದೇ ಸಂಜೆ ಠಾಣೆಯ ಅಧಿಕಾರಿ ಪತ್ರವನ್ನು ಎರಡು ಸಲ ಓದಿದರು. "ಯಾರದ್ದು ಅಂತ ಕೇಳಲ್ಲ ಅಂತ ನಾನು ಬರೆದುಕೊಡಕ್ಕಾಗಲ್ಲ ಮೇಡಂ."

"ಗೊತ್ತು ಸರ್. ಬರೆದುಕೊಡಿ ಅಂತ ಕೇಳ್ತಾ ಇಲ್ಲ."

ಅವರು ನಮ್ಮ ಐವರನ್ನೂ ನೋಡಿದರು. "ಸರ್ಕಾರಿ ಜಾಗದಲ್ಲಿ ಸಿಕ್ಕಿದ್ದಕ್ಕೆ ಯಾರ ಹೆಸರು ಬರೀಲಿ ನಾನು?" ಎಂದು ಫೋನು ಎತ್ತಿಕೊಂಡರು. ಬಾಂಬ್ ನಿಷ್ಕ್ರಿಯ ದಳ ಮರುದಿನವಲ್ಲ, ಅದರ ಮರುದಿನ ಬೆಳಿಗ್ಗೆ ಬರುವುದೆಂದಾಯಿತು. ಆ ಕಡೆಯಿಂದ ಬಂದ ಸೂಚನೆಗಳನ್ನು ನಾನು ಬರೆದುಕೊಂಡೆ. ಉಂಡೆಯನ್ನು ಯಾರೂ ಮುಟ್ಟಬಾರದು, ಸರಿಸಬಾರದು, ನೀರು ಹಾಕಬಾರದು, ಡಬ್ಬಿಯಲ್ಲಿ ತುಂಬಬಾರದು. ನಾಲ್ಕು ಹೆಜ್ಜೆ ದೂರದಿಂದ ಗುರುತು. ಡೈರಿಯ ಹತ್ತಿರ ಒಂದು ಪೆಟ್ಟಿಗೆ ಇಟ್ಟು ಎಲ್ಲ ಮದ್ದನ್ನೂ ತಂದು ಹಾಕಿಸೋಣ ಎಂಬ ಯೋಚನೆಯೂ ನನಗೆ ಒಮ್ಮೆ ಬಂದಿತ್ತು. ಕಾಗದದಲ್ಲಿ ಎಡವಿದವಳು ಮದ್ದಿನಲ್ಲೂ ಎಡವಿದ್ದರೆ ಏನಾಗುತ್ತಿತ್ತೋ.

ಗಂಡನಿಗೆ ತೋರಿಸಲೆಂದು ಪತ್ರದ ಒಂದು ಜೆರಾಕ್ಸ್ ನಲವತ್ತೊಂದನೆಯವಳ ಕೈಗೆ ಕೊಟ್ಟೆ. ಅವಳು ಅದನ್ನು ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡು ತಾಳವಾಡಿ ಬಸ್ಸಿಗೆ ಹೋದಳು. ಬರುತ್ತಾನೋ ಇಲ್ಲವೋ ಎಂದು ಹೇಳಲು ಅವಳಿಗೂ ಆಗಲಿಲ್ಲ.

ದಳ ಬರುವ ಬೆಳಿಗ್ಗೆ ಮಳೆ ಬಿಟ್ಟಿತ್ತು. ಹಾಲು ಅಳೆದು ಮುಗಿದ ಮೇಲೆ ಡೈರಿಯಿಂದಲೇ ಜನ ಹೊರಟರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಡಬ್ಬಿ, ಚೊಂಬು, ತೆಂಗಿನ ಕರಟ. ಬಾಣಂತಿಯ ಬದಲು ಅತ್ತೆ ಬಂದಿದ್ದಳು. ಮದುವೆಗೆ ಹೋಗಿ ಸಿಕ್ಕಿಬಿದ್ದವರು ಎಲ್ಲರಿಗಿಂತ ಮುಂದೆ. ಮಕ್ಕಳನ್ನು ಶಾಲೆಯೊಳಗೆ ಕೂರಿಸಿದ್ದೆವು. ನಾನು ಗುಂಪಿನಲ್ಲಿ ಅವಳನ್ನು ಹುಡುಕಿದೆ, ಕಾಣಲಿಲ್ಲ. ಎಲ್ಲರೂ ಸುತ್ತು ಹಾಕಿ ಹಿಂದಿರುಗತೊಡಗಿದರು. ಪಟ್ಟಿಯ ಉದ್ದಕ್ಕೂ ಬಿಳಿ ಸುತ್ತುಗಳಾದವು. ದಳದವರು ಜಾಕೀಟು ತೊಟ್ಟು ಕಾಯುತ್ತಿದ್ದರು. ಇನ್ನು ಯಾರಾದರೂ ಇದ್ದಾರಾ ಎಂದು ಅಧಿಕಾರಿ ಕೇಳಿದರು. ನಾನು, ಸ್ವಲ್ಪ ತಡೆಯಿರಿ ಸರ್, ಎಂದೆ. ಎರಡನೆಯ ಸಲವೂ ಅದನ್ನೇ ಹೇಳಿದೆ.

ಆಗ ಊರಿನ ಕಡೆಯಿಂದ ಇಬ್ಬರು ಬಂದರು. ಅವಳು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ಅವನನ್ನು ನಾನು ನೋಡಿದ್ದು ಅದೇ ಮೊದಲು. ಸಣಕಲು ಮನುಷ್ಯ, ಗಡ್ಡ ಬಂದಿತ್ತು. ರೈತ ಮುಖಂಡ ತನ್ನ ಹಸಿರು ಟವಲ್ಲನ್ನು ಕೊಡವಿ, ಕಂದಕಕ್ಕೆ ಬೆನ್ನು ಮಾಡಿ ನಿಂತ. ಅವನನ್ನು ನೋಡಿ ಮಿಕ್ಕವರೂ ತಿರುಗಿದರು, ಮೇಷ್ಟ್ರೂ. ನಾನೂ ತಿರುಗಿದೆ. ಬೆನ್ನ ಹಿಂದೆ ಅವನ ಚಪ್ಪಲಿಯ ಸದ್ದು ಬಹಳ ದೂರ ಹೋಗಿ, ನಿಂತು, ಮತ್ತೆ ವಾಪಸ್ ಬಂತು.

ದಳದವರು ಒಂದೊಂದೇ ಸುತ್ತಿಗೆ ಹೋಗಿ ಬಗ್ಗಿ ನೋಡುತ್ತ ಬಂದರು. ಬಹಳ ಕಡೆ ಏನೂ ಇರಲಿಲ್ಲ. ಕೆಲವು ಕಡೆ ಇತ್ತು. ಎಷ್ಟು ಎಂದು ನಾವು ಎಣಿಸಲಿಲ್ಲ, ಆದರೆ ಗುಂಡಿಯಲ್ಲಿ ಮರಳು ಮೂಟೆ ಒಟ್ಟಿ ಸಿಡಿಸಿದಾಗ ಸದ್ದು ಬಹಳ ಹೊತ್ತು ಆಯಿತು. ಒಂದೊಂದು ಸದ್ದಿಗೂ ಹಟ್ಟಿಯಲ್ಲಿ ಕಟ್ಟಿದ್ದ ದನಗಳು ಕೂಗಿದವು. ಕಾರ್ಯದರ್ಶಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಅತ್ತುಬಿಟ್ಟೆ, ಮುಚ್ಚಿಡುವುದೇನು.

ಹಂದಿ ಆಮೇಲೂ ಬಂತು. ಕಂದಕ ಇನ್ನೂ ಅರ್ಧ ಮಾತ್ರ ಆಗಿದೆ. ರೈತ ಮುಖಂಡನೂ ಮೇಷ್ಟ್ರೂ ಕೋವಿಯ ವಿಷಯಕ್ಕೆ ಈಗಲೂ ಕಿತ್ತಾಡುತ್ತಾರೆ. ಐದು ನೋಟಿಸುಗಳು ಏನಾದವೋ, ಮತ್ತೆ ಯಾರೂ ಕರೆಯಲಿಲ್ಲ.

ಆವತ್ತೇ, ದಳದ ಗಾಡಿ ಹೋದ ಮೇಲೆ, ಡೈರಿಯ ಜಗುಲಿಯಲ್ಲಿ ಅದೇ ಮಾತಿನ ಹೊಸ ಮನವಿಗೆ ಸಹಿ ತೆಗೆದುಕೊಂಡೆವು. ಈ ಸಲ ನಂಬರು ಇಲ್ಲ, ಗೆರೆ ಇಲ್ಲ. ಬಂದವರು ಬಂದ ಹಾಗೆ ಎಲ್ಲಿ ಬೇಕಾದರೂ ಹಾಕಬಹುದು. ಹಾಳೆ ಓರೆಕೋರೆ ಸಹಿಗಳಿಂದ ತುಂಬುತ್ತಿತ್ತು. ಕೊನೆಗೆ ಅವಳು ಬಂದಳು.

"ನಲವತ್ತೊಂದು ಅಂತ ಬರ್ಕಳಿ ಅಕ್ಕ."

"ನಂಬರು ಬೇಡ ತಂಗಿ, ಈ ಸಲ ಸುಮ್ಮನೆ ಸಹಿ ಸಾಕು."

"ಇಲ್ಲ, ಬರೀರಿ. ಆವತ್ತು ಹಾಕ್ನಾರ್ದೆ ಬುಟ್ಟೆ. ಈಗ ಹಾಕ್ಬೋದು."

ಬರೆದೆ. ಅದರ ಮುಂದೆ ಅವಳು ನಿಧಾನವಾಗಿ ತನ್ನ ಹೆಸರು ತಿದ್ದಿದಳು. ಅವಳ ಹಿಂದೆ ನಿಂತಿದ್ದ ಗಂಡ ಯಾರೂ ಕರೆಯದಿದ್ದರೂ ಮುಂದೆ ಬಂದು, ಹೆಂಡತಿಯ ಹೆಸರಿನ ಕೆಳಗೆ ಸಹಿ ಹಾಕಿದ. ಅವನ ಬೆರಳಿನ ಸಂದಿಯಲ್ಲಿದ್ದ ಸುಣ್ಣ ಹಾಳೆಯ ಮೇಲೆ ಉದುರಿ, ಅಂಗೈಯ ಒತ್ತಿಗೆ ಒರೆಸಿಕೊಂಡು ಅಂಚಿನವರೆಗೂ ಬಿಳಿ ಕಲೆಯಾಯಿತು. ನಾನು ಅದನ್ನು ಒರೆಸಲಿಲ್ಲ, ಹಾಗೇ ಕೊಟ್ಟೆ.